ಸರ್ವದೃಕ್ ಸಂಸ್ಥೆಯ ಅಂತರ್ಭೇದನ ಮೀಮಾಂಸೆ: ಒಂದು ಪೂರ್ವೋತ್ತರ ಪರಿಪ್ರೇಕ್ಷ್ಯ

ಅಮೆರಿಕದ ಲೇಖಕ ಡೇವ್ ಎಗ್ಗರ್ಸ್‌ನ ‘ದಿ ಎವ್ರಿ’ (2021) ಕಾದಂಬರಿಯನ್ನು ದೃಷ್ಟಿಪ್ರಭುತ್ವದ ಬಹುಸ್ತರೀಯ ಸಂಕಥನದ ನೆಲೆಯಲ್ಲಿ ನಿರಚನೆಗೊಳಪಡಿಸುವ ಪ್ರಾಥಮಿಕೋತ್ತರ ಯತ್ನವೇ ಪ್ರಸ್ತುತ ಪ್ರಬಂಧ. (ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ವಿಚಾರಸಂಕಿರಣದ ಅಧ್ಯಕ್ಷರಿಗೂ ಆಗಿಲ್ಲ, ತಲೆದೂಗಿದ್ದಾರೆ.)

ಅಂತರ್ಭೇದಕರಲ್ಲಿ ಐದು ವಿಧ.

ಮೊದಲನೆಯದು, ಉದ್ಯೋಗಾರ್ಥಿ-ಛದ್ಮಾಂತರ್ಭೇದಕ. ನಾಯಕಿ ಡಿಲೇನಿ ವೆಲ್ಸ್ ಈ ಪೈಕಿ. ಎಗ್ಗರ್ಸ್‌ನ 2013ರ ಕಾದಂಬರಿಯ ‘ಸರ್ಕಲ್’ ಕಂಪನಿ ಈಗ ಭಾರೀ ಆನ್‌ಲೈನ್ ಅಂಗಡಿಯೊಂದನ್ನು ನುಂಗಿ ‘ಎವ್ರಿ’ ಆಗಿದೆ. ಅದನ್ನು ಕೆಡವಲೆಂದೇ ಈಕೆ ಅಲ್ಲಿ ಕೆಲಸಕ್ಕೆ ಸೇರುತ್ತಾಳೆ. ಹೇಸಿಗೆ ಹುಟ್ಟಿಸುವಂಥ ಆ್ಯಪ್‌ಗಳನ್ನು ತಾನೇ ಸೂಚಿಸಿದರೆ ಜನ ರೊಚ್ಚಿಗೇಳುತ್ತಾರೆಂಬುದು ಉಪಾಯ. ಗೆಳೆಯ ಮನಸಾರೆ ಮಾತಾಡುತ್ತಿದ್ದಾನೋ ಇಲ್ಲವೋ ಎಂದು ಅಳೆಯುವ ಆ್ಯಪ್ ಅವುಗಳಲ್ಲೊಂದು. ಜನ ರೊಚ್ಚಿಗೇಳುವುದಿಲ್ಲ, ಮುಗಿಬೀಳುತ್ತಾರೆ. ಇದಕ್ಕೆ ‘ಸ್ವಯಂಸ್ವೀಕೃತ ಪಾರದರ್ಶಿತಾಸಕ್ತಿ’ ಎನ್ನತಕ್ಕದ್ದು. ಓದುಗರ ಸಹನೆ 577 ಪುಟಕ್ಕೆ ತೀರುತ್ತದೆಂದೂ ಆ ಕಂಪನಿ ಲೆಕ್ಕ ಹಾಕಿದೆ. ನಮ್ಮ ಪಿಎಚ್‌ಡಿ ಮಹಾಪ್ರಬಂಧಗಳ ಮೇಲೆ ಅದರ ಕಣ್ಣು ಇನ್ನೂ ಬಿದ್ದಿಲ್ಲ.

ಎರಡನೆಯದು, ವಿತರಣಾತ್ಮಕ ಪ್ರತಿರೋಧಕ. ಲೇಖಕನೇ ನಿದರ್ಶನ. ಗಟ್ಟಿ ರಟ್ಟಿನ ಪ್ರತಿಯನ್ನು ಅಮೆಜಾನ್‌ಗೆ ಕೊಡದೆ ಸ್ವತಂತ್ರ ಪುಸ್ತಕದಂಗಡಿಗಳಿಗೆ ಕೊಟ್ಟ. ಆಮೇಲೆ ಪೇಪರ್‌ಬ್ಯಾಕ್ ಬಂತು, ಅಮೆಜಾನ್‌ಗೂ ಹೋಯಿತು.

ಮೂರನೆಯದು... ಬಿಡಿ. ಯಾರು ಯಾರೊಳಗೆ ನುಗ್ಗಿದ್ದು? ಜ್ವರದ ಮಾತ್ರೆಗೆ ಹೋದರೆ ‘ನಂಬರ್ ಹೇಳಿ ಸಾರ್’ ಅನ್ನುತ್ತಾರೆ, ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ ಹೇಳುತ್ತೇವೆ. ಟಾರ್ಚ್ ಆ್ಯಪ್‌ಗೆ ನಮ್ಮ ಅಕ್ಕತಂಗಿಯರ ನಂಬರೆಲ್ಲ ಯಾತಕ್ಕೆ? ಕೇಳುವುದಿಲ್ಲ, ಒತ್ತುತ್ತೇವೆ. ಸಿಟ್ಟು ಮಾಡಬೇಕಾದ ವಿದ್ವಾಂಸರು ಬೆಂಥಮ್ ಆಯಿತು, ಫೂಕೋ ಆಯಿತು ಎಂದು ಅಡಿಟಿಪ್ಪಣಿ ಕೊಟ್ಟು, ಕಣ್ಗಾವಲಿನ ಕುರಿತ ಪ್ರಬಂಧವನ್ನು ಆಧಾರ್ ಸಂಖ್ಯೆ ಸಮೇತ ಆನ್‌ಲೈನ್ ಫಾರ್ಮಿಗೆ ತುಂಬಿ ಕಳಿಸುತ್ತಾರೆ. ನಾಚಿಕೆಯಾಗಬೇಡವೆ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಎಂಬತ್ತು ದಾಟಿದ್ದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಅಷ್ಟು ವಯಸ್ಸಾದವರು ಗೆದ್ದುಕೊಟ್ಟದ್ದನ್ನು ನಾವು ಹತ್ತು ರೂಪಾಯಿ ರಿಯಾಯಿತಿಗೆ ಕೌಂಟರ್ ಮೇಲಿಟ್ಟು ಬರುತ್ತಿದ್ದೇವೆ.

ನಂಬರ್‌ಗಾಗಿ ಗಿರಾಕಿಗಳನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ. ಮುಂದಿನ ಸಲ ಕೇಳಿದರೆ ‘ಕೊಡಲ್ಲ’ ಅನ್ನಿ.