ತರಗೆಲೆ ಯಾರ ಪಾಲು?

ಶಿವರಾತ್ರಿ ಹತ್ತಿರ ಬಂತೆಂದರೆ ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಹೊಂಗೆ ಮರಗಳಿಗೆ ವಾರಸುದಾರರೇ ಇರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಕಾರು ನಿಲ್ಲಿಸುವಾಗ ‘ನಮ್ಮನೆ ಮರ’ ಆಗಿದ್ದದ್ದು ಎಲೆ ಉದುರಿಸುವ ಹೊತ್ತಿಗೆ ‘ಕಾರ್ಪೊರೇಷನ್ ಮರ’. ಬೆಳಿಗ್ಗೆ ಆರಕ್ಕೆ ಈ ಮನೆಯವರು ಗುಡಿಸಿ ರಸ್ತೆ ದಾಟಿಸಿದ ಎಲೆ, ಏಳಕ್ಕೆ ಎದುರುಮನೆಯ ಪೊರಕೆಗೆ ಸಿಕ್ಕಿ ವಾಪಸು ಬರುತ್ತದೆ. ‘ಕಾಫಿ ಆಯ್ತಾ ಸಾರ್?’ ಎಂದು ನಗುನಗುತ್ತಲೇ ಎರಡೂ ಪಕ್ಷದವರು ಕದನ ಮುಂದುವರಿಸುತ್ತಾರೆ.

ಇಂಥ ರಸ್ತೆಯ ನಿವೃತ್ತ ಗುಮಾಸ್ತರೊಬ್ಬರನ್ನು ರಾಯರು ಎಂದಿಟ್ಟುಕೊಳ್ಳೋಣ. ಅವರು ಗೊಬ್ಬರಕ್ಕೆ ಕೈಹಾಕಿದ್ದು ಪರಿಸರಪ್ರೇಮದಿಂದಲ್ಲ, ಬೇರೆ ದಾರಿಯಿಲ್ಲದೆ. ಎಲೆಗೆ ಬೆಂಕಿ ಹಚ್ಚುವಂತಿಲ್ಲ. ಘನತ್ಯಾಜ್ಯ ನಿಯಮಗಳು ಅದನ್ನು ನಿಷೇಧಿಸಿವೆ. ಕಸದ ಆಟೋದವನು ಎಲೆಮೂಟೆ ಕಂಡರೆ ಆಕಾಶ ನೋಡುತ್ತಾನೆ. ಕೊನೆಗೆ ಹಿತ್ತಲಿನ ಹಳೆ ಡ್ರಮ್ಮಿಗೆ ಸುತ್ತ ತೂತು ಕೊರೆಸಿ, ಎಲೆ ತುಂಬಿ, ನೀರು ಚಿಮುಕಿಸಿ ರಾಯರು ಕಾಯುತ್ತ ಕುಳಿತರು. ಎಲೆಯೂ ಕುಳಿತಿತ್ತು.

ತಪ್ಪು ಎಲೆಯದಲ್ಲ. ಮರ ಮಹಾ ಜುಗ್ಗ. ಎಲೆಯನ್ನು ಮನೆಯಿಂದಾಚೆ ಹಾಕುವ ಮುನ್ನ ಅದರಲ್ಲಿರುವ ಸಾರಜನಕದ ಬಹುಪಾಲನ್ನು ಎಳೆದುಕೊಂಡೇ ಕಳಿಸುವುದು. ಕೊಳೆಸುವ ಸೂಕ್ಷ್ಮಜೀವಿಗಳಿಗೆ 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಒಣ ಎಲೆಗಳಲ್ಲಿ ಸಾಮಾನ್ಯವಾಗಿ ಇಂಗಾಲ ಇದರ ಎರಡರಷ್ಟು. ಹೊಂಗೆ ದ್ವಿದಳಧಾನ್ಯಗಳ ಕುಟುಂಬದ್ದು, ಹೇಗೋ ಒಗ್ಗುತ್ತದೆ. ಮಾವು, ಹಲಸಿನ ಎಲೆಗಳಂತೂ ಪುಡಿ ಮಾಡದೆ ಹಾಕಿದರೆ ತಿಂಗಳುಗಟ್ಟಲೆ ಹೆಸರು ಹೇಳಿ ಗುರುತಿಸುವ ಹಾಗೇ ಇರುತ್ತವೆ.

ಹೀಗಾಗಿ ಅಡುಗೆಮನೆಯ ಸಹಕಾರ ಅನಿವಾರ್ಯವಾಯಿತು. ತರಕಾರಿ ಸಿಪ್ಪೆ, ಬಾಡಿದ ಹೂವು, ಬಣ್ಣದಲ್ಲಿ ಕಪ್ಪಗಿದ್ದರೂ ಈ ಲೆಕ್ಕದಲ್ಲಿ ‘ಹಸಿರು’ ಎನಿಸಿಕೊಳ್ಳುವ ಕಾಫಿ ಗಸಿ, ಎಲ್ಲ ಬಂತು. ಉತ್ಸಾಹ ಹೆಚ್ಚಿ ಉಳಿದ ಸಾರನ್ನೂ ಸುರಿದದ್ದರಿಂದ ಮೂರನೇ ಮನೆಯವರೂ ಕಿಟಕಿ ಹಾಕಿಕೊಂಡರು. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿಯಾಡುತ್ತಿಲ್ಲ, ನೀರು ಹೆಚ್ಚಾಗಿದೆ ಎಂದರ್ಥ. ಮೂಗು ಸುಡುವ ಅಮೋನಿಯಾ ಆದರೆ ಸಾರಜನಕ ಹೆಚ್ಚಿದೆ. ವಿಚಿತ್ರವೆಂದರೆ ಎರಡು ಕಾಯಿಲೆಗೂ ಔಷಧಿ ಒಂದೇ: ಇನ್ನೆರಡು ಬೊಗಸೆ ಒಣ ಎಲೆ. ಹಿಡಿ ತೆಗೆದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಧಾರೆಯಾಗಬಾರದು. ರಾಯರು ಈ ಪರೀಕ್ಷೆ ಮುಗಿಸಿ ಅದೇ ಕೈಯಲ್ಲಿ ಪೇಪರ್ ತಿರುವುವುದು ಹೆಂಡತಿಗೆ ಕಿರಿಕಿರಿ. ಒಂದು ದಿನ ಡ್ರಮ್ಮಿನೊಳಗೆ ಗಿಜಿಗುಡುವ ಬೂದುಬಣ್ಣದ ಹುಳುಗಳೂ ಕಂಡವು. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು, ಗೊಬ್ಬರಕ್ಕೆ ಉಪಕಾರಿ, ನೊಣವಾದ ಮೇಲೂ ಕಚ್ಚುವುದಿಲ್ಲ ಎಂದು ರಾಯರು ವಿವರಿಸಿದರು. ಆಕೆ ಅಂದು ಶಾವಿಗೆ ಉಪ್ಪಿಟ್ಟು ಮಾಡುವ ಯೋಚನೆ ಕೈಬಿಟ್ಟರು.

ಪದ್ಧತಿಯ ವಿಚಾರದಲ್ಲೂ ಮನೆಯಲ್ಲಿ ಎರಡು ಪಂಥ. ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಅಲ್ಲಿನ ರೈತರ ತಿಳಿವಳಿಕೆಯನ್ನೂ ಸೇರಿಸಿಕೊಂಡು ರೂಪಿಸಿದ್ದು ಇಂದೋರ್ ಪದ್ಧತಿ: ಪದರ ಹಾಕು, ಮಗುಚು, ಮತ್ತೆ ಮಗುಚು. ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಬೆಂಗಳೂರು ಪದ್ಧತಿ ಕೊಟ್ಟರು: ಗುಂಡಿ ತುಂಬು, ಕೆಸರಿನಿಂದ ಮೆತ್ತು, ಆರೆಂಟು ತಿಂಗಳು ಆ ಕಡೆ ತಲೆ ಹಾಕಬೇಡ. ಬೆಂಗಳೂರಿಗರ ಸ್ವಭಾವ ಬಲ್ಲವರು ಮಾಡಿದ ವಿಧಾನವೇ ಸರಿ. ಮನೆಯವರು ಇದರ ಪರ. ರಾಯರು ಮಾತ್ರ ಇಂದೋರಿನ ಕಡೆ. ಡ್ರಮ್ಮಿಗೆ ಕಬ್ಬಿಣದ ಸರಳು ಚುಚ್ಚಿ, ಐದು ನಿಮಿಷ ಬಿಟ್ಟು ಎಳೆದು, ಬಂದ ನೆಂಟರಿಗೆಲ್ಲ ಮುಟ್ಟಿಸುವರು. ‘ಬೆಚ್ಚಗಿದೆ ಅಲ್ವಾ?’ ಮೂರಡಿ ಉದ್ದ, ಅಗಲ, ಎತ್ತರದ ರಾಶಿಯಾದರೆ ಒಳಗೆ 55-60 ಡಿಗ್ರಿ ಕಾವೇರಬಹುದು. ಡ್ರಮ್ಮಿನಲ್ಲಿ ಅಷ್ಟು ನಿಲ್ಲದು. ನೆಂಟರು ದಾಕ್ಷಿಣ್ಯಕ್ಕೆ ಹೂಂ ಎನ್ನುವರು.

‘ಎಂಥದಿದು, ಒಂದು ಡ್ರಮ್ಮಿಗೆ ಇಷ್ಟು ಸಂಭ್ರಮ!’ ಎಂದು ಶಿರಸಿ ತವರಿನ ಆಕೆಗೆ ನಗು. ಅಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಎಂದೇ ಕಾಡು ಬಿಟ್ಟಿರುತ್ತಾರೆ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ. ಬೇಸಿಗೆಯಲ್ಲಿ ದರಕು, ಅಂದರೆ ತರಗೆಲೆ ಗುಡಿಸಿ, ದೊಡ್ಡ ಹೆಡಿಗೆಗಳಲ್ಲಿ ಹೊತ್ತು ತಂದು, ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸುತ್ತಾರೆ. ಸಗಣಿ ಗಂಜಲ ಹೀರಿಕೊಂಡ ಅದು ಗೊಬ್ಬರದ ಗುಂಡಿಗೆ ಹೋಗುತ್ತದೆ. ಇಂಗಾಲ, ಸಾರಜನಕ ಅಂತ ಯಾರೂ ಬಾಯಿಬಿಡುವುದಿಲ್ಲ.

ಅಷ್ಟರಲ್ಲಿ ರಾಯರಿಗೆ ನಿಜವಾದ ಸಂಕಟ ಹೊಳೆಯಿತು. ಸಿಪ್ಪೆ ವರ್ಷವಿಡೀ ಬರುತ್ತದೆ, ಎಲೆ ಉದುರುವುದು ಕೆಲವೇ ವಾರ. ನಿನ್ನೆ ತನಕ ಆಚೆ ದಬ್ಬುತ್ತಿದ್ದವರು ಈಗ ನಸುಕಿನಲ್ಲೇ ಗೋಣಿಚೀಲ ಹಿಡಿದು ಪರರ ಗೇಟಿನ ಮುಂದೆ ಗುಡಿಸತೊಡಗಿದರು. ಎದುರುಮನೆಯವರು ಎರಡು ದಿನ ನೋಡಿದರು. ‘ಪುಕ್ಕಟೆ ಒಯ್ತಿದಾರೆ ಅಂದ್ರೆ ಅದರಲ್ಲಿ ಏನೋ ಇರ್ಬೇಕು ಕಣೇ’ ಎಂದು ಹೆಂಡತಿಗೆ ಹೇಳಿ, ಮೂರನೇ ದಿನದಿಂದ ತಮ್ಮ ಪಾಲಿನ ಎಲೆಯನ್ನು ಚೀಲಕ್ಕೆ ತುಂಬಿ ಗೇಟಿನೊಳಗಿಟ್ಟು ಬೀಗ ಹಾಕಿದರು.

ಸಂಧಾನ ನಡೆಸಿದ್ದು ಹೆಂಗಸರು. ಮೂರು ಚೀಲ ಎಲೆಗೆ ಒಂದು ಬುಟ್ಟಿ ಜರಡಿ ಹಿಡಿದ ಗೊಬ್ಬರ ಎಂದು ಕಾಂಪೌಂಡ್ ಮೇಲೆಯೇ ದರ ನಿಗದಿಯಾಯಿತು. ಮೊದಲ ಕಂತಿನ ಚೀಲ ಬಿಚ್ಚಿದ ರಾಯರು ಕೈ ಆಳಕ್ಕೆ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಕನ್ನಡಕ ಏರಿಸಿಕೊಂಡರು.

‘ಇದರಲ್ಲಿ ಮಾವಿನೆಲೆ ಬೆರೆಸಿದೀರಿ ಸಾರ್. ನಾಲ್ಕು ಚೀಲಕ್ಕೆ ಒಂದು ಬುಟ್ಟಿ ಆಗುತ್ತೆ.’