ಪಾದದ ಕ್ಲಿನಿಕ್ ಮುಳುಗಿಸುವ ಸುಲಭ ಕ್ರಮ

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಲೆಕ್ಕ ಕೊಟ್ಟಿದೆ. ತಲೆಗೆ ಎರಡು ಪಾದದಂತೆ ಗುಣಿಸಿ, ಅದೇ ಹಾಳೆ ಹಿಡಿದು ಬ್ಯಾಂಕಿಗೆ ಹೋಗಿ ಸಾಲ ಎತ್ತಿ. ಮುಂದಿನದು ಹೀಗೆ.

1. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿ ಹಿಡಿಯಿರಿ. ಕಾಲುನೋವಿನವರು ಮೆಟ್ಟಿಲು ನೋಡಿಯೇ ಹಿಂದಿರುಗುತ್ತಾರೆ, ನೂಕುನುಗ್ಗಲಿನ ತಲೆನೋವಿಲ್ಲ.

2. ಬಯೋಥೀಸಿಯೋಮೀಟರ್, ಡಾಪ್ಲರ್ ಮುಂತಾದ ಪಾದಪರೀಕ್ಷೆಯ ಯಂತ್ರಗಳನ್ನೆಲ್ಲ ಕಂತಿನಲ್ಲಿ ತನ್ನಿ. ಅಂಗಾಲು ಜೋಮುಗಟ್ಟಿದೆಯೇ ಎಂದು ತಿಳಿಯಲು 10 ಗ್ರಾಂ ಮಾನೊಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಅದು ಬಾಗುವಷ್ಟು ಒತ್ತಿ, "ಗೊತ್ತಾಗುತ್ತಾ?" ಎಂದು ಕೇಳಿದರೂ ನಡೆಯುತ್ತದೆ. ಆದರೆ ಎಳೆಗೆ ಯಾರು ದುಡ್ಡು ಕೊಡುತ್ತಾರೆ? ಡ್ರಾಯರಿಗೆ ಹಾಕಿ.

3. ಬಾಗಿಲಲ್ಲಿ "ಚಪ್ಪಲಿ ಹೊರಗೆ ಬಿಡಿ" ಎಂದು ಬರೆಸಿ. ಅಟ್ಟೆ ದಾಟಿ ಬಂದ ಮೊಳೆ, ಹೆಬ್ಬೆರಳ ಬುಡದಲ್ಲಿ ಸವೆದ ಗುಳಿ, ಹುಣ್ಣಿನ ಮೂಲವೆಲ್ಲ ಆಚೆಯೇ ಉಳಿಯಲಿ. ನೀವು ಒಳಗೆ ಆ್ಯಂಟಿಬಯೋಟಿಕ್ ಬದಲಾಯಿಸುತ್ತಾ ಕೂತಿರಿ.

4. ಪೈಪೋಟಿಗೆ ಹೆದರಬೇಡಿ, ದರ ಇಳಿಸಿ. ಎದುರಿನ ಪಾರ್ಲರ್‌ನಲ್ಲಿ ಪೆಡಿಕ್ಯೂರ್‌ಗೆ ಚೌಕಾಸಿ ಮಾಡದವರೇ ನಿಮ್ಮಲ್ಲಿ ಆಣಿ ಹೆರೆಸಿಕೊಂಡು, "ಬರೀ ಚರ್ಮ ಕೆರೆದಿದ್ದಕ್ಕೆ ಇಷ್ಟಾ ಡಾಕ್ಟ್ರೇ?" ಅನ್ನುತ್ತಾರೆ. ಇನ್ನೂ ಇಳಿಸಿ. ಆಮೇಲೆ ಉಚಿತ ಶಿಬಿರ ಮಾಡಿ, ಕಾಫಿಯನ್ನೂ ಕೊಡಿ. ಶುಗರ್ ಇರುವವರಿಗೆ, ಆಣಿಗೆ ಅಂಟಿಸುವ ಕಾರ್ನ್ ಕ್ಯಾಪ್‌ನಲ್ಲಿರುವ ಆಸಿಡ್ ಗಾಯ ಮಾಡಬಹುದೆಂದು ಮಾತ್ರ ಹೇಳಬೇಡಿ. ಕೆಳಗಿನ ಮೆಡಿಕಲ್ ಸ್ಟೋರಿನವರ ಸ್ನೇಹ ಕೆಡುತ್ತದೆ.

5. ವಿಮೆಯ ಮರ್ಮ ತಿಳಿದುಕೊಳ್ಳಿ. ಆಣಿ ಹೆರೆಯುವುದಕ್ಕೆ, ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿಗೆ ಸಾಮಾನ್ಯ ಪಾಲಿಸಿ ಕಾಸು ಬಿಚ್ಚುವುದಿಲ್ಲ. ಬೆರಳು ಕಪ್ಪಾಗಿ ಅಡ್ಮಿಟ್ ಆದರೆ, ಕತ್ತರಿಸಲು ಬಿಚ್ಚುತ್ತದೆ. ಆದ್ದರಿಂದ ಸಣ್ಣ ಗಾಯ ಕಂಡಾಗ "ಇನ್ನೊಂದಷ್ಟು ದಿನ ನೋಡೋಣ" ಎನ್ನಿ. ಬಲಿತ ಮೇಲೆ ದೊಡ್ಡಾಸ್ಪತ್ರೆಗೆ ಚೀಟಿ ಬರೆಯಿರಿ. ಬಿಲ್ಲು ಅವರಿಗೆ, ಕಂತು ನಿಮಗೆ.

ಇಷ್ಟೆಲ್ಲ ಮಾಡಿಯೂ ಕ್ಲಿನಿಕ್ ಮುಳುಗಲಿಲ್ಲವೆಂದರೆ, ನೀವು ಕದ್ದುಮುಚ್ಚಿ ಯಾರದೋ ಕಾಲನ್ನು ಸಕಾಲಕ್ಕೆ ಮುಟ್ಟಿ ನೋಡಿದ್ದೀರಿ. ಆ ಚಟ ಮೊದಲು ಬಿಡಿ. ಉಳಿದ ಕಾಲಿಗೆ ಬಿಲ್ಲು ಹಾಕಲು ಬರುವುದಿಲ್ಲ.