ಬಳುಕುವ ಎಲಿವೇಷನ್

ಕೊಡಿಗೇಹಳ್ಳಿಯಲ್ಲಿ 30×40 ಸೈಟು. ಸೆಟ್‌ಬ್ಯಾಕ್ ಬಿಟ್ಟರೆ ಉಳಿಯುವುದು ಅಂಗೈಯಗಲ. ಆದರೂ ಮಾಲೀಕರಿಗೆ ಮನೆಯ ಮುಂಭಾಗ ಬಳುಕಬೇಕು! ಮೊಬೈಲಿನಲ್ಲಿ ತೋರಿಸಿದ್ದು ಬಿಲ್ಬಾವೋದ ಗುಗೆನ್‌ಹೈಮ್. ವಿಮಾನ ವಿನ್ಯಾಸಕ್ಕೆಂದು ಹುಟ್ಟಿದ ಕಟಿಯಾ ತಂತ್ರಾಂಶವನ್ನು ಪಳಗಿಸಿ ಫ್ರಾಂಕ್ ಗೆಹ್ರಿ ರೂಪಿಸಿದ, 1997ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ. ಪಾಪ, ಆಸೆಗೆ ಸೆಟ್‌ಬ್ಯಾಕ್ ಉಂಟೇ?

ಡಿಸೈನ್ ಹುಡುಗ ಸ್ಕೆಚ್‌ಅಪ್‌ನಲ್ಲಿ ಕಮಾನು ಎಳೆದ. ಝೂಮ್ ಮಾಡಿದರೆ ಕಮಾನೆಲ್ಲಿ? 12 ನೇರ ಗೆರೆಗಳು ಕೈಕೈ ಹಿಡಿದು ನಿಂತಿವೆ! ಸಂಖ್ಯೆ ಏರಿಸಿದ, ಗೆರೆ ನುಣುಪಾಯಿತು, ಲ್ಯಾಪ್‌ಟಾಪ್ ಏದುಸಿರು ಬಿಟ್ಟಿತು.

ಮೇಸ್ತ್ರಿ ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿ, ನೆಲಕ್ಕೊಂದು ಮೊಳೆ ಹೊಡೆದು, ದಾರ ಕಟ್ಟಿ, ಸುಣ್ಣದಲ್ಲಿ ದುಂಡಗೆ ಎಳೆದೇಬಿಟ್ಟ. "ಗೋಡೆ ಬಗ್ಗಿಸ್ತೀನಿ ಸಾರ್. ಕಿಟಕಿ ಗಾಜೂ ಬಗ್ಗಬೇಕಂದ್ರೆ ರೇಟು ಬೇರೆ."

ಮಾಲೀಕರು ಮೊಬೈಲ್ ಜೇಬಿಗಿಳಿಸಿದರು. ಈಗ ಬಾಲ್ಕನಿಯ ಒಂದು ಮೂಲೆಯಷ್ಟೇ ದುಂಡು. ಅದೂ ವಾಸ್ತುವಿನವರು ಒಪ್ಪಿದರೆ.